ಅಮಾವಾಸ್ಯೆಗೆ ತೊಳೆದ ಸಮುದ್ರ

“ಅಜ್ಜಾರ, ಮನಸ್ಸು ತಿಳಿ ಆಗಬೇಕಂದ್ರ ನಾ ಇನ್ನ ಏನೇನು ಬಿಡಬೇಕ್ರಿ?”

ಕೇಳಿದವನು ಅಡಿವೆಯ್ಯ. ಅವನು ಮಠಕ್ಕೆ ಬಂದು ಎರಡು ವರ್ಷವಾಗಿತ್ತು. ಮೊದಲು ಉಪ್ಪು ಬಿಟ್ಟಿದ್ದ. ಆಮೇಲೆ ಹಾಸಿಗೆ ಬಿಟ್ಟ. ಅವನಿಗೆ ಒಳ್ಳೆಯ ಕಂಠವಿತ್ತು. ಅದರಿಂದ ಅಹಂಕಾರ ಬರುತ್ತದೆ ಎಂದು ಹಾಡುವುದನ್ನೂ ಬಿಟ್ಟ. ತಿಂಗಳಿಗೊಮ್ಮೆ ನೋಡಲು ಬರುತ್ತಿದ್ದ ಅಕ್ಕನಿಗೆ ಇನ್ನು ಬರಬೇಡ ಎಂದು ಹೇಳಿ ಕಳಿಸಿದ್ದ. ಬಿಟ್ಟಷ್ಟೂ ಮನಸ್ಸು ಕದಡುತ್ತಿತ್ತು. ಕಣ್ಣು ಮುಚ್ಚಿ ಕೂತರೆ ಕಾರಣವಿಲ್ಲದೆ ಅಳು ಬರುತ್ತಿತ್ತು. ಕೊಳೆ ಇನ್ನೂ ಎಲ್ಲೋ ಉಳಿದಿದೆ ಎಂದು ಅವನಿಗೆ ಅನಿಸಿತ್ತು. ನಾಳೆಯಿಂದ ಮಾತನ್ನೂ ಬಿಡಲು ಅಪ್ಪಣೆ ಕೇಳಬೇಕೆಂದೇ ಬಂದಿದ್ದ.

ಮಠದ ಗುರುಗಳಾದ ಅಜ್ಜನವರು ಅಪ್ಪಣೆ ಕೊಡಲಿಲ್ಲ, ಬೇಡ ಎನ್ನಲೂ ಇಲ್ಲ. ಕೂತುಕೋ ಎಂದು ಕೈ ತೋರಿಸಿ ಕತೆ ಶುರುಮಾಡಿದರು.

ಒಂದು ಊರಿನಲ್ಲಿ ಒಬ್ಬ ಹಿತ್ತಾಳೆ ಪಾತ್ರೆಯ ವ್ಯಾಪಾರಿ ಇದ್ದ. ಯಾವ ಊರು ಎಂದು ಕೇಳಬೇಡ. ಸಮುದ್ರಕ್ಕೆ ಬಹಳ ದೂರ, ಬಾವಿಯ ನೀರಿಗೂ ನೂರು ಅಡಿ ಹಗ್ಗ ಬೇಕಾದ ಊರು ಅಂದುಕೋ. ವ್ಯಾಪಾರಿ ಒಳ್ಳೆಯವನು, ಶುಚಿ ಸ್ವಲ್ಪ ಹೆಚ್ಚು. ತಿಕ್ಕಿದರೆ ಹೊಳೆಯದ ವಸ್ತು ಈ ಲೋಕದಲ್ಲಿ ಇಲ್ಲ ಎಂದು ಅವನು ನಂಬಿದ್ದ. ಹಿತ್ತಾಳೆ ಮಾರುವವನು ಹಾಗೆ ನಂಬಿದರೆ ತಪ್ಪೇನೂ ಅಲ್ಲ. ಪ್ರತಿ ಅಮಾವಾಸ್ಯೆಗೆ ಅಂಗಡಿಯ ಪೂಜೆ. ಅದರ ಹಿಂದಿನ ದಿನ ಅಂಗಡಿ, ಮನೆ, ತಕ್ಕಡಿ, ಬಾಗಿಲ ಚಿಲಕ ಎಲ್ಲವನ್ನೂ ಹುಣಸೆಹಣ್ಣು, ಬೂದಿ ಹಾಕಿ ಅವನೇ ತಿಕ್ಕುತ್ತಿದ್ದ. ಆಳುಗಳ ಕೈಗೆ ಕೊಡುತ್ತಿರಲಿಲ್ಲ.

ಅವನ ಹೆಂಡತಿ ಕರಾವಳಿಯವಳು. ಅವಳ ತಂದೆ ಉಪ್ಪಿನ ಆಗರದಲ್ಲಿ ಐವತ್ತು ವರ್ಷ ದುಡಿದವನು. ಸಮುದ್ರದ ನೀರನ್ನು ಗದ್ದೆಗೆ ಕಟ್ಟಿ, ಬಿಸಿಲಿಗೆ ಒಣಗಿಸಿ, ಉಪ್ಪು ಎಳೆಯುವ ಕೆಲಸ. ತಾಯಿ ತೀರಿಕೊಂಡ ಮೇಲೆ ಮಗಳು ಹಟ ಹಿಡಿದು ಅವನನ್ನು ತನ್ನ ಮನೆಗೆ ಕರೆತಂದಳು. ಅಳಿಯನಿಗೂ ಅದು ಸಂತೋಷವೇ. ಆದರೆ ಮುದುಕ ಬಂದ ದಿನದಿಂದ ಒಣಗತೊಡಗಿದ. ಊಟಕ್ಕೆ ಕೂತರೆ ಎರಡು ತುತ್ತು, ಅಷ್ಟೇ. ವೈದ್ಯರು ನೋಡಿದರು. ಗುಂಡಿಗೆಗೆ ಬಲವಿಲ್ಲ, ಘಟ್ಟ ಇಳಿಯುವ ಪ್ರಯಾಣ ಇನ್ನು ಈ ಜನ್ಮಕ್ಕೆ ಬೇಡ ಎಂದರು. ಬೇರೆ ರೋಗ ಏನೂ ಇಲ್ಲ, ಆದರೆ ಹೀಗೆಯೇ ಊಟ ಬಿಟ್ಟರೆ ಮಳೆಗಾಲ ಕಾಣುವುದು ಕಷ್ಟ ಎಂದೂ ಹೇಳಿ ಹೋದರು.

ಅಪ್ಪನಿಗೆ ಬೇಕಾದದ್ದು ಏನು ಎಂದು ಮಗಳಿಗೆ ಗೊತ್ತಿತ್ತು. ಅವಳು ಗಂಡನಿಗೆ ಹೇಳಿದಳು. ವ್ಯಾಪಾರಿ ಒಂದು ದಿನ ಯೋಚಿಸಿದ. ಮಾವನನ್ನು ಸಮುದ್ರಕ್ಕೆ ಒಯ್ಯಲಾಗದಿದ್ದರೆ ಸಮುದ್ರವನ್ನೇ ಮಾವನ ಹತ್ತಿರ ತರುವುದು ಎಂದು ತೀರ್ಮಾನಿಸಿದ. ನಗಬೇಡ, ಅಡಿವೆಯ್ಯ. ಪ್ರೀತಿ ಇದ್ದವರಿಗೆ ಇಂಥ ಹುಚ್ಚು ಹೊಳೆಯುತ್ತದೆ.

ಆಳೆತ್ತರದ ಅರ್ಧದಷ್ಟು ಗಾಜಿನ ತೊಟ್ಟಿ ಮಾಡಿಸಿದ. ವಾರಕ್ಕೊಮ್ಮೆ ಸಂತೆಗೆ ಬರುವ ಮೀನಿನ ಲಾರಿಯ ಚಾಲಕನಿಗೆ ಹೇಳಿ ಕ್ಯಾನುಗಳಲ್ಲಿ ಸಮುದ್ರದ ನೀರು ತರಿಸಿದ. ದಂಡೆಯ ಮರಳು, ಕಲ್ಲು, ಹೆಬ್ಬೆರಳಿನಷ್ಟು ಉದ್ದದ ಐದು ಮೀನು ಬಂದವು. ಗಾಳಿಗುಳ್ಳೆ ಬಿಡುವ ಪುಟ್ಟ ಮೋಟಾರು ಕೂಡಿಸಿದ. ಮುದುಕ ಕುರ್ಚಿ ಎಳೆದುಕೊಂಡು ತೊಟ್ಟಿಯ ಮುಂದೆ ಕೂತ. ಒಂದು ಬೆರಳನ್ನು ನೀರಿಗೆ ಅದ್ದಿ ನಾಲಿಗೆಗೆ ಇಟ್ಟುಕೊಂಡ. ಅಂದು ಒಂದು ತಟ್ಟೆ ಅನ್ನ ಪೂರ್ತಿ ಉಂಡ. ಮಗಳು ಅಡುಗೆಮನೆಗೆ ಹೋಗಿ ಅತ್ತಳು.

ಇಪ್ಪತ್ತು ದಿನ ಹೀಗೆ ನಡೆಯಿತು. ಆಮೇಲೆ ಅಮಾವಾಸ್ಯೆ ಬಂತು.

ಮನೆಯಲ್ಲಿರುವ ಎಲ್ಲವೂ ಹೊಳೆಯುವ ದಿನ ಮಾವನ ಸಮುದ್ರ ಮಾತ್ರ ಕೊಳಕಾಗಿದ್ದರೆ ಹೇಗೆ? ಕಲ್ಲುಗಳ ಮೇಲೆ ಆಗಲೇ ಕಂದು ಬಣ್ಣದ ಲೋಳೆ ಕಟ್ಟಿತ್ತು. ವ್ಯಾಪಾರಿ ಮೀನುಗಳನ್ನು ಒಂದು ಕೊಡಕ್ಕೆ ಬಿಟ್ಟು, ಕಲ್ಲುಗಳನ್ನು ಹೊರಗೆ ತೆಗೆದು, ಹುಣಸೆಹಣ್ಣು ಬೂದಿ ಹಾಕಿ ಬೆಳ್ಳಗಾಗುವ ತನಕ ತಿಕ್ಕಿದ. ಮರಳನ್ನು ಅಕ್ಕಿ ತೊಳೆದಂತೆ ಏಳು ಸಲ ತೊಳೆದ. ನೀರನ್ನೆಲ್ಲ ಚೆಲ್ಲಿ, ಲಾರಿಯವನಿಂದ ಹೆಚ್ಚಿಗೆ ತರಿಸಿಟ್ಟಿದ್ದ ಕ್ಯಾನುಗಳಿಂದ ಹೊಸ ಸಮುದ್ರದ ನೀರು ತುಂಬಿದ. ತೊಟ್ಟಿ ಅಂಗಡಿಯ ಹೊಸ ಕೊಡದ ಹಾಗೆ ಹೊಳೆಯಿತು. ಅವನಿಗೆ ಬಹಳ ಸಮಾಧಾನವಾಯಿತು.

ಮೂರನೆಯ ದಿನ ನೀರು ಬೆಳ್ಳಗಾಯಿತು. ಮೊದಲು ತೆಳುವಾದ ಮಂಜು, ಸಂಜೆಯ ಹೊತ್ತಿಗೆ ನೀರು ಬೆರೆಸಿದ ಮಜ್ಜಿಗೆ. ಒಳಗಿನ ಮೀನು ಕಾಣಲಿಲ್ಲ. ಮುದುಕ ಸ್ವಲ್ಪ ಹೊತ್ತು ನೋಡಿದ. ಕುರ್ಚಿಯನ್ನು ಗೋಡೆಯ ಕಡೆಗೆ ತಿರುಗಿಸಿ ಕೂತ. ಅಂದು ಮತ್ತೆ ಎರಡೇ ತುತ್ತು ಉಂಡ.

ವ್ಯಾಪಾರಿ ಹೆದರಿದ. ಕೊಳೆ ಉಳಿದುಬಿಟ್ಟಿದೆ, ನಾನೇ ಸರಿಯಾಗಿ ತೊಳೆಯಲಿಲ್ಲ ಎಂದುಕೊಂಡ. ಮತ್ತೆ ಎಲ್ಲವನ್ನೂ ತೆಗೆದು ತೊಳೆದ. ನೀರು ಎರಡು ದಿನ ತಿಳಿಯಾಗಿತ್ತು, ಮೂರನೆಯ ದಿನ ಕದಡಿತು. ಮತ್ತೆ ತೊಳೆದ. ಅಂಗಡಿಗೆ ಹೋಗುವುದು ತಡವಾಗತೊಡಗಿತು. ಬಾವಿಯ ನೀರಿಗೆ ಹಾಕುವಂತೆ ಪಟಿಕ ತೇಯ್ದು ಹಾಕಿದ. ಒಂದು ಮೀನು ಸತ್ತಿತು. ಲಾರಿಯವನು ಕೆಟ್ಟ ನೀರು ತಂದಿದ್ದಾನೆ ಎಂದು ಅವನ ಜತೆ ಜಗಳವಾಡಿದ. ಯಾರದೋ ಕಣ್ಣು ಬಿದ್ದಿದೆ ಎಂದು ತೊಟ್ಟಿಗೆ ಲಿಂಬೆಹಣ್ಣು, ಮೆಣಸಿನಕಾಯಿ ಕಟ್ಟಿದ. ಮೀನುಗಳು ಅದನ್ನು ನೋಡಿ ಏನೆಂದುಕೊಂಡವೋ ನನಗೆ ಗೊತ್ತಿಲ್ಲ. ತೊಳೆದರೆ ಕದಡುತ್ತದೆ, ಕದಡಿದರೆ ತೊಳೆಯುತ್ತಾನೆ. ಹುಚ್ಚು ಬಿಡದೆ ಮದುವೆಯಾಗದು, ಮದುವೆಯಾಗದೆ ಹುಚ್ಚು ಬಿಡದು ಎನ್ನುತ್ತಾರಲ್ಲ, ಹಾಗಾಯಿತು ಅವನ ಪಾಡು. ಎರಡು ತಿಂಗಳು ಕಳೆಯುವಷ್ಟರಲ್ಲಿ ಐದು ಮೀನಿನಲ್ಲಿ ಎರಡು ಉಳಿದವು. ಮುದುಕನ ಕೊರಳಿನ ಎಲುಬು ಎದ್ದು ಕಾಣುತ್ತಿತ್ತು.

ಈಗ ಒಂದು ಮಾತು ಕೇಳು. ಆ ಮುದುಕನಿಗೆ ಎಲ್ಲವೂ ಗೊತ್ತಿತ್ತು. ನೀರು ಯಾಕೆ ಕದಡಿತು, ಏನು ಮಾಡಿದರೆ ತಿಳಿಯಾಗುತ್ತದೆ, ಎಲ್ಲ. ಐವತ್ತು ವರ್ಷ ಉಪ್ಪುನೀರಿನಲ್ಲಿ ನಿಂತ ಕಾಲು ಅವನದು. ಬಿಸಿಲಿಗೆ ನೀರು ಆರಿದರೂ ಉಪ್ಪು ಆರುವುದಿಲ್ಲ, ತೊಟ್ಟಿಯ ಉಪ್ಪು ಹೆಚ್ಚಾಗುತ್ತದೆ ಎಂದು ದಿನವೂ ಬೆಳಿಗ್ಗೆ ತಾನು ಕುಡಿಯುವ ಲೋಟದಿಂದ ಒಂದಿಷ್ಟು ಸಿಹಿನೀರು ಸುಮ್ಮನೆ ಅದಕ್ಕೆ ಸುರಿಯುತ್ತಿದ್ದ. ಮುಪ್ಪಿಗೆ ಕೈ ನಡುಗಿ ಚೆಲ್ಲುತ್ತಾನೆ ಎಂದು ಮನೆಯವರು ತಿಳಿದಿದ್ದರು.

ಮತ್ತೆ ಅವನು ಹೇಳಲಿಲ್ಲ ಯಾಕೆ? ಹೆಣ್ಣು ಕೊಟ್ಟ ಮನೆಯಲ್ಲಿ ಒಂದು ಲೋಟ ನೀರು ಕುಡಿಯಲೂ ಸಂಕೋಚಪಡುವ ಕಾಲದವನು ಅವನು. ಅಳಿಯನ ಮನೆಯಲ್ಲಿ ಕೂತು ಉಣ್ಣುವುದೇ ಹೆಚ್ಚು, ಅಳಿಯ ಮಾಡುವ ಕೆಲಸದಲ್ಲಿ ತಪ್ಪು ಹುಡುಕಬಾರದು ಎಂದು ಬಾಯಿ ಕಟ್ಟಿಕೊಂಡಿದ್ದ. ಅಳಿಯನೂ ಕೇಳಲಿಲ್ಲ. ಮಾವನಿಗೆ ಮನೆಯ ಕೆಲಸದ ತೊಂದರೆ ಕೊಡಬಾರದು ಎನ್ನುವುದು ಅವನ ಮರ್ಯಾದೆ. ಹೀಗೆ ಇಬ್ಬರ ಮರ್ಯಾದೆಯ ನಡುವೆ ಮೂರು ಮೀನು ಸತ್ತವು, ಒಬ್ಬ ಮನುಷ್ಯ ಸಾಯತೊಡಗಿದ್ದ. ಇದನ್ನು ನೆನೆದರೆ ನನಗೆ ಇವತ್ತಿಗೂ ಸಿಟ್ಟು ಬರುತ್ತದೆ.

ಕೊನೆಗೆ ಒಂದು ದಿನ ಮುದುಕ ಆ ಎರಡು ತುತ್ತನ್ನೂ ತಿನ್ನಲಿಲ್ಲ. ತಟ್ಟೆಯನ್ನು ಹಾಗೆಯೇ ಸರಿಸಿದ. ವ್ಯಾಪಾರಿ ಕೈಯಲ್ಲಿದ್ದ ತಿಕ್ಕುವ ನಾರನ್ನು ಎಸೆದು ಮಾವನ ಕಾಲ ಹತ್ತಿರ ನೆಲದ ಮೇಲೆ ಕೂತುಬಿಟ್ಟ.

“ಮಾವಾರ, ನನಗ ತಿಳೀವಲ್ದು. ತೊಳದು ತೊಳದು ಸಾಕಾತು. ನೀವ ಹೇಳ್ರಿ.”

ಕೇಳಿದ ಮೇಲೆ ಹೇಳದಿರುವುದು ತಪ್ಪಾಗುತ್ತದೆ ಎಂದು ಮುದುಕನಿಗೆ ತೋರಿರಬೇಕು. “ಅಳಿಯಂದಿರೇ, ಕಲ್ಲಿನ ಮೇಲಿನ ಲೋಳೆ ತಿಕ್ಕಬೇಡಿ. ನೀರನ್ನು ಕಾಯುವುದು ಅದೇ” ಎಂದ.

ಆಮೇಲೆ ನಿಧಾನವಾಗಿ ಬಿಡಿಸಿ ಹೇಳಿದ. ಉಪ್ಪಿನ ಗದ್ದೆಯ ತಳದಲ್ಲೂ ಇಂಥದೇ ಲೋಳೆಯ ಪದರ ಕಟ್ಟುತ್ತದೆ. ಹೊಸ ಆಳು ಬಂದರೆ ಮೊದಲು ಹೇಳುವ ಮಾತು, ಅದನ್ನು ಕೆರೆಯಬೇಡ ಎಂದು. ಅದು ಕೊಳೆಯಲ್ಲ, ಜೀವ. ಕಣ್ಣಿಗೆ ಕಾಣದ ಕೋಟಿ ಜೀವಗಳು ಒಂದಕ್ಕೊಂದು ಅಂಟಿಕೊಂಡು ಕೂತಿರುತ್ತವೆ. ಮೀನು ಬಿಟ್ಟ ಹೊಲಸು, ತಿಂದು ಉಳಿದ ಕಾಳು ಎಲ್ಲವನ್ನೂ ಅವು ಸದ್ದಿಲ್ಲದೆ ತಿಂದು ಮುಗಿಸುತ್ತವೆ. ನೀವು ಅವುಗಳನ್ನು ತಿಕ್ಕಿ ತೆಗೆದಿರಿ. ತಿನ್ನುವವರಿಲ್ಲದೆ ಹೊಲಸು ಉಳಿಯಿತು. ಆಗ ಆ ಹೊಲಸಿಗಾಗಿ ನೀರಿನಲ್ಲೆಲ್ಲ ಬೇರೆ ಜೀವಗಳು ಮುಗಿಬಿದ್ದವು. ನೀವು ನೋಡಿದ ಬಿಳಿ ಅದೇ. ಅದನ್ನೂ ಚೆಲ್ಲಿದಿರಿ. ಅವು ಕೂತು ನೆಲೆಯಾಗಲು ನೀವು ಸಮಯವನ್ನೇ ಕೊಡಲಿಲ್ಲ.

ವ್ಯಾಪಾರಿ ತನ್ನ ಅಂಗೈ ನೋಡಿಕೊಂಡ. ಕೊಳೆ ಎಂದು ತಿಳಿದು ಅವನು ಇಷ್ಟು ದಿನ ತಿಕ್ಕಿ ತೆಗೆದದ್ದು ತೊಳೆಯುವವರನ್ನೇ.

ಮುದುಕ ಎರಡು ಕೆಲಸ ಹೇಳಿದ. ಒಂದು, ಸಮುದ್ರದ ನೀರು ಇಳಿದಾಗ ಮಾತ್ರ ಕಾಣುವ ಕಲ್ಲೊಂದನ್ನು, ಲೋಳೆ ಪಾಚಿ ಚಿಪ್ಪು ಇದ್ದ ಹಾಗೆಯೇ, ಒದ್ದೆ ಗೋಣಿಯಲ್ಲಿ ಸುತ್ತಿ ತರಿಸುವುದು. ಎರಡು, ಮೀನಿಗೆ ಒಂದು ಚಿಟಿಕೆಗಿಂತ ಹೆಚ್ಚು ಆಹಾರ ಹಾಕದೆ ಎರಡು ಅಮಾವಾಸ್ಯೆ ಕೈ ಕಟ್ಟಿ ಕೂರುವುದು. ಮೊದಲನೆಯದು ಸುಲಭವಾಯಿತು. ಲಾರಿಯವನ ಕೈಕಾಲು ಹಿಡಿದು ಕಲ್ಲು ತರಿಸಿದರು. ಅದರ ಮೈತುಂಬ ಒರಟು ಚಿಪ್ಪಿನ ಜೀವಿಗಳು, ಸಿಂಪಿಗಳು, ಕಚ್ಚಿಕೊಂಡಿದ್ದವು, ಬಾಯಿ ಮುಚ್ಚಿ, ಸತ್ತ ಹಾಗೆ. ವ್ಯಾಪಾರಿಗೆ ಅವುಗಳನ್ನು ಚಾಕುವಿನಿಂದ ಎಬ್ಬಿಸಿ ತೆಗೆಯಬೇಕು ಎನಿಸಿತು. ಮಾವನ ಮುಖ ನೋಡಿ ಬಿಟ್ಟ.

ಎರಡನೆಯ ಕೆಲಸ ಅವನಿಗೆ ತಪಸ್ಸೇ ಆಯಿತು. ಅಮಾವಾಸ್ಯೆಯ ಹಿಂದಿನ ದಿನ ಮನೆಯೆಲ್ಲ ತಿಕ್ಕಿ ತೊಟ್ಟಿಯ ಮುಂದೆ ಬಂದು ನಿಂತರೆ ಕೈ ತುರಿಸುತ್ತಿತ್ತು. ನೀರು ಮೊದಲಿಗಿಂತ ಹೆಚ್ಚು ಬೆಳ್ಳಗಾಯಿತು. ಹೆಂಡತಿ ಅವನನ್ನು ಅಂಗಡಿಗೆ ಕಳಿಸಿ ಬಾಗಿಲು ಹಾಕಿಕೊಳ್ಳುತ್ತಿದ್ದಳು. ಎರಡನೆಯ ಅಮಾವಾಸ್ಯೆಗೆ ಇನ್ನೂ ಐದು ದಿನ ಇರುವಾಗ ಒಂದು ಬೆಳಿಗ್ಗೆ ಎದ್ದು ನೋಡುತ್ತಾನೆ, ತೊಟ್ಟಿಯಲ್ಲಿ ನೀರೇ ಇಲ್ಲ ಎನ್ನುವಷ್ಟು ತಿಳಿ. ಎರಡು ಮೀನು ಗಾಳಿಯಲ್ಲಿ ತೇಲಿದ ಹಾಗೆ ಕಂಡವು. ಯಾರೂ ಕೈ ಹಚ್ಚಿರಲಿಲ್ಲ. ಅವನು ಎಷ್ಟೋ ಹೊತ್ತು ಅಲ್ಲಿಯೇ ನಿಂತ. ಮುದುಕ ಕುರ್ಚಿ ತಿರುಗಿಸಿ ಕೂತು ಅಂದು ಅರ್ಧ ತಟ್ಟೆ ಉಂಡ.

ಇಲ್ಲಿಗೆ ಕತೆ ಮುಗಿಯಿತು ಎಂದುಕೊಂಡೆಯಾ? ಸುಮ್ಮನಿದ್ದರೆ ನೀರು ತಿಳಿಯಾಗುತ್ತದೆ ಎಂದು ಹೇಳಲು ನಾನು ಇಷ್ಟು ದೂರ ಬರಬೇಕಾಗಿರಲಿಲ್ಲ. ಅದು ಎಮ್ಮೆ ಕಾಯುವವರಿಗೂ ಗೊತ್ತು. ಮುಂದೆ ಕೇಳು.

ಬೇಸಿಗೆ ಬಂತು. ಬಿಸಿಲು ಜೋರಾಗಿದ್ದ ಒಂದು ಅಮಾವಾಸ್ಯೆ, ಅಂಗಡಿಯ ಪೂಜೆ ಮುಗಿಸಿ ವ್ಯಾಪಾರಿ ಮಧ್ಯಾಹ್ನ ಮನೆಗೆ ಬಂದ. ಪ್ರಸಾದದ ತಟ್ಟೆಯನ್ನು ದೇವರ ಮುಂದೆ ಇಟ್ಟು ತಿರುಗುವಷ್ಟರಲ್ಲಿ ತೊಟ್ಟಿಯ ನೀರು ಬೆಳ್ಳಗಾಗುತ್ತಿತ್ತು. ಮೂರು ದಿನದಲ್ಲಿ ಅಲ್ಲ, ಅವನ ಕಣ್ಣ ಮುಂದೆಯೇ, ಹಾಲು ಸುರಿದ ಹಾಗೆ. ಇಷ್ಟು ತಿಂಗಳು ಅಮಾವಾಸ್ಯೆಗೆ ತೊಳೆಯದೆ ಬಿಟ್ಟದ್ದಕ್ಕೆ ಇದು ಶಿಕ್ಷೆ ಎಂದುಕೊಂಡ. ಮಾವ ಮತ್ತೆ ಗೋಡೆಗೆ ತಿರುಗುತ್ತಾನೆ, ಈ ಸಲ ತಿರುಗಿದರೆ ಉಳಿಯುವುದಿಲ್ಲ ಎನ್ನುವ ಒಂದೇ ಹೆದರಿಕೆ ಅವನಿಗೆ. ಓಡಿಹೋಗಿ ಬಕೆಟ್ಟು, ಕೊಳವೆ ತಂದ. ಕೊಳವೆಯನ್ನು ಬಾಯಿಯಲ್ಲಿ ಎಳೆದು ನೀರು ಹೊರಗೆ ಹರಿಸತೊಡಗಿದ. ಬಕೆಟ್ಟು ಅರ್ಧ ತುಂಬಿತು. ಅದನ್ನು ಎತ್ತಿ ಬಚ್ಚಲಿಗೆ ಚೆಲ್ಲಲು ಹೊರಟ.

ಆಗ ಒಂದು ಕೈ ಅವನ ಮಣಿಕಟ್ಟನ್ನು ಹಿಡಿಯಿತು. ಇಷ್ಟು ತಿಂಗಳು ಅಳಿಯನ ಯಾವ ಕೆಲಸಕ್ಕೂ ಅಡ್ಡ ಬರದಿದ್ದ ಕೈ.

“ಅಳಿಯಂದಿರೇ, ಕೆಳಗೆ ಇಡಿ. ಅಲ್ಲಿ ಹೆರಿಗೆ ಆಗ್ತಾ ಇದೆ.”

ವ್ಯಾಪಾರಿ ತಿರುಗಿ ನೋಡಿದ. ಮುದುಕನ ಕುರ್ಚಿ ಗೋಡೆಯ ಕಡೆಗೆ ಇರಲಿಲ್ಲ. ತೊಟ್ಟಿಗೆ ತಾಗುವಷ್ಟು ಹತ್ತಿರ ಎಳೆದುಕೊಂಡಿದ್ದ. ಮುದುಕ ಬೆರಳು ತೋರಿಸಿದ. ಒದ್ದೆ ಗೋಣಿಯಲ್ಲಿ ಬಂದ ಆ ಕಲ್ಲಿನ ಮೇಲೆ, ಸತ್ತಿವೆ ಎಂದು ಎಲ್ಲರೂ ತಿಳಿದಿದ್ದ ಸಿಂಪಿಗಳು ಒಂದು ಗೆರೆಯಷ್ಟು ಬಾಯಿ ತೆರೆದಿದ್ದವು. ಒಂದೊಂದರ ಬಾಯಿಯಿಂದಲೂ ಬಿಳಿಯ ಹೊಗೆ ಎದ್ದು ನೀರಿಗೆ ಸೇರುತ್ತಿತ್ತು. ಒಂದು ಬಿಟ್ಟ ಮೇಲೆ ಪಕ್ಕದ್ದು, ಅದಾದ ಮೇಲೆ ಅದರ ಪಕ್ಕದ್ದು. ಕಲ್ಲೇ ಉಸಿರಾಡುತ್ತಿರುವಂತೆ ಕಂಡಿತು.

ಮುದುಕ ಮೆಲ್ಲಗೆ ಹೇಳಿದ. ನಾನು ಇದನ್ನು ಎಪ್ಪತ್ತು ವರ್ಷದಲ್ಲಿ ಎರಡೇ ಸಲ ನೋಡಿದ್ದೇನೆ. ಆಗರದ ಕಾಲುವೆಯ ನೀರು ಒಂದು ಹೊತ್ತಿನಲ್ಲಿ ಬೆಳ್ಳಗಾಗಿತ್ತು. ಅಂದು ಕೆಲಸದವರು ಯಾರೂ ನೀರಿಗೆ ಇಳಿಯಲಿಲ್ಲ, ಕಾಲುವೆಯ ಬಾಗಿಲು ಮುಚ್ಚಲಿಲ್ಲ. ದಂಡೆಯ ಮೇಲೆ ಚಪ್ಪಲಿ ಕಳಚಿ ಕೂತರು. ಒಂದು ಸಿಂಪಿ ಬಿಡುವುದು ಲಕ್ಷ ಲಕ್ಷ ಜೀವ. ಮೀನು ತಿನ್ನುತ್ತವೆ, ಏಡಿ ತಿನ್ನುತ್ತವೆ, ಎಷ್ಟೋ ಕಲ್ಲಿಗೆ ಬಡಿದು ಸಾಯುತ್ತವೆ. ಲಕ್ಷಕ್ಕೆ ಒಂದು ಉಳಿದರೆ ಸಮುದ್ರಕ್ಕೆ ಅಷ್ಟೇ ಸಾಕು.

ವ್ಯಾಪಾರಿಗೆ ಕೈಯಲ್ಲಿದ್ದ ಬಕೆಟ್ಟಿನ ನೆನಪಾಯಿತು. ಅದನ್ನು ನೋಡಿದ. ಒಂದು ಕ್ಷಣದ ಹಿಂದೆ ಅದು ಬಚ್ಚಲಿಗೆ ಹೋಗಬೇಕಾಗಿದ್ದ ಹೊಲಸು. ಈಗ ಅದನ್ನು ಹಿಡಿಯಲು ಅವನಿಗೆ ಭಯವಾಯಿತು. ಕೂಸನ್ನು ಮಲಗಿಸುವಂತೆ ನೆಲಕ್ಕೆ ಇಟ್ಟ. ಆಮೇಲೆ ಲೋಟದಲ್ಲಿ ಸ್ವಲ್ಪ ಸ್ವಲ್ಪವಾಗಿ, ಒಂದು ಹನಿಯೂ ಹೊರಗೆ ಬೀಳದ ಹಾಗೆ, ಪೂರ್ತಿ ತೊಟ್ಟಿಗೆ ಹಿಂದಿರುಗಿಸಿದ. ಮಾವ ಹೇಳಿದಂತೆ ಮೀನಿಗೆ ಅಂದು ಆಹಾರ ಹಾಕಲಿಲ್ಲ. ಉಸಿರಾಡುವವರು ಹೆಚ್ಚಾಗಿದ್ದಾರೆ ಎಂದು ಗಾಳಿಯ ಕೊಳವೆ ಇನ್ನೊಂದು ಕೂಡಿಸಿದ. ಮೂವರೂ ನೆಲದ ಮೇಲೆ ಕೂತರು. ತೊಟ್ಟಿಯಲ್ಲಿ ಏನೂ ಕಾಣುತ್ತಿರಲಿಲ್ಲ, ಬರೀ ಬಿಳಿ. ಅದನ್ನೇ ನೋಡುತ್ತ ಕೂತರು.

ಮರುದಿನ ಬೆಳಗಿನ ಬಿಸಿಲು ಗಾಜಿನ ಮೂಲಕ ಹಾದಾಗ ಆ ಬಿಳಿಯೊಳಗೆ ಚುಕ್ಕೆಗಳು ಕಂಡವು. ಮುದುಕ ಪಂಚಾಂಗ ಓದುವ ತನ್ನ ಭೂತಗನ್ನಡಿಯನ್ನು ಅಳಿಯನ ಕೈಗೆ ಕೊಟ್ಟ. ವ್ಯಾಪಾರಿ ಅದನ್ನು ಗಾಜಿಗೆ ಹಿಡಿದ. ಧೂಳು ಅಂದುಕೊಂಡ. ಧೂಳು ಕೆಳಗೆ ಇಳಿಯುತ್ತದೆ. ಇವು ಬೆಳಕಿನ ಕಡೆಗೆ ಮೇಲೆ ಏರುತ್ತಿದ್ದವು. ಒಂದಲ್ಲ, ಹತ್ತಲ್ಲ. ನೋಡಿದಲ್ಲೆಲ್ಲ, ಎಣಿಕೆಗೆ ಸಿಗದಷ್ಟು, ಒಂದು ದಿನದ ವಯಸ್ಸಿನವು, ಯಾರೂ ಕಲಿಸದೆ ಈಜುತ್ತಿದ್ದವು. ಇಷ್ಟು ದೊಡ್ಡದನ್ನು ನೋಡಲು ನಾನು ಯಾರು ಎನಿಸಿತು ಅವನಿಗೆ. ಹೆಂಡತಿಯನ್ನು ಕರೆದು ಗಾಜು ಕೊಟ್ಟ. ಅವಳೂ ನೋಡಿದಳು. ಅವಳು ಗಂಡನ ಕಡೆಗೆ ತಿರುಗಿದಾಗ ಅವನು ಕಣ್ಣು ಒರೆಸಿಕೊಳ್ಳುತ್ತಿದ್ದ.

ಆಗ ಹಿಂದಿನಿಂದ ಮುದುಕನ ದನಿ ಕೇಳಿತು. ಆ ಮನೆಗೆ ಬಂದಾಗಿನಿಂದ ಅವನು ಬಾಯಿಬಿಟ್ಟು ಏನನ್ನೂ ಕೇಳಿರಲಿಲ್ಲ. ಬಡಿಸಿದ್ದನ್ನು ಉಂಡಿದ್ದ, ಇಲ್ಲವೇ ಸರಿಸಿದ್ದ.

“ಮಗಾ, ಹಸಿವೆ ಆಗ್ತದೆ. ಅನ್ನ ಹಾಕು.”

ಅಜ್ಜನವರು ಕತೆ ನಿಲ್ಲಿಸಿದರು. ಅಡಿವೆಯ್ಯ, ಆ ನೀರು ಮತ್ತೆ ತಿಳಿಯಾಯಿತೇ ಎಂದು ಕೇಳಿದ. ಆಯಿತು, ನಾಲ್ಕನೆಯ ದಿನಕ್ಕೆ ತಾನಾಗಿಯೇ ಆಯಿತು ಎಂದರು ಅಜ್ಜನವರು. ಮುದುಕ ಆ ಮಳೆಗಾಲ ಕಂಡ, ಅದರಾಚೆಯ ಎರಡು ಮಳೆಗಾಲವನ್ನೂ ಕಂಡ ಎಂದರು. ವ್ಯಾಪಾರಿಯ ಮಾತು ಬಂದಾಗ ಮಾತ್ರ ಅವರ ದನಿ ಸ್ವಲ್ಪ ಇಳಿಯಿತು. ಅವನು ಸುಖವಾಗಿಯೇ ಇದ್ದ, ಆದರೆ ಒಂದು ಯೋಚನೆ ಅವನನ್ನು ಕೊನೆಯ ತನಕ ಬಿಡಲಿಲ್ಲವಂತೆ. ಮಾವನನ್ನು ಕೇಳುವ ಮೊದಲು ಆ ಎರಡು ತಿಂಗಳಲ್ಲಿ ಎಷ್ಟು ಬಕೆಟ್ಟು ಬಚ್ಚಲಿಗೆ ಹೋಯಿತು, ಅದರಲ್ಲಿ ಏನೇನು ಇತ್ತು ಎಂದು.

ಅಡಿವೆಯ್ಯ ತಲೆ ತಗ್ಗಿಸಿ ಕೂತಿದ್ದ. ಅಜ್ಜನವರು ಎದ್ದು ಶಾಲು ಹೊದ್ದುಕೊಂಡರು. ಬಾಗಿಲ ತನಕ ಹೋಗಿ ತಿರುಗಿ ನಿಂತರು.

“ಇನ್ನ ಏನು ಬಿಡಲಿ ಅಂತ ಕೇಳಾಕ ಬಂದಿ, ತಮ್ಮಾ, ಇಲ್ಲೀತನಕ ನೀ ಚೆಲ್ಲಿದ್ದು ಕೊಳೀ ಅಂತ ನಿನಗ ಯಾರು ಹೇಳಿದ್ರು?”